ಜೋಡಿಯ ನಡುವೆ ಮೂರನೆಯವಳು: ಒಂದು ಗಿನಿಪಿಗ್ ಮನೆಯ ಪ್ರಕರಣ ಅಧ್ಯಯನ

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟು. ಮೂರನೇ ಮಹಡಿಯ ಮನೆಯಲ್ಲಿ ಎರಡು ಹೆಣ್ಣು ಗಿನಿಪಿಗ್‌ಗಳಿವೆ, ರಾಗಿ ಮತ್ತು ಬೆಲ್ಲ. ಇಬ್ಬರಿಗೂ ಮೂರು ವರ್ಷ ದಾಟಿದೆ. ಮರಿಯಿಂದ ಜೊತೆಗೇ ಬೆಳೆದವರು. ಜನವರಿಯಲ್ಲಿ ಕೆಳಗಿನ ಮನೆಯವರು ಊರು ಬಿಡಬೇಕಾಯಿತು. ತಮ್ಮ ಒಂದೇ ಒಂದು ಗಿನಿಪಿಗ್ ಚುಕ್ಕಿಯನ್ನು ಇವರಿಗೆ ಕೊಡುತ್ತೇವೆ ಅಂದರು. ಚುಕ್ಕಿಗೆ ಸುಮಾರು ಒಂದು ವರ್ಷ. ಮರಿಯಾಗಿ ಬಂದಾಗಿನಿಂದ ಇನ್ನೊಂದು ಗಿನಿಪಿಗ್ ಮುಖ ನೋಡಿದವಳಲ್ಲ.

ಮನೆಯಲ್ಲಿ ಇರುವವರು ಅಮ್ಮ, ಹೈಸ್ಕೂಲಿಗೆ ಹೋಗುವ ಮಗ, ಹಾಸ್ಟೆಲಿನಿಂದ ರಜೆಗೆ ಬಂದು ಹೋಗುವ ಮಗಳು, ಮತ್ತೆ ಅಜ್ಜಿ. ಅವರು ನನ್ನನ್ನು ಕರೆದಿದ್ದು ಒಂದೇ ಪ್ರಶ್ನೆ ಕೇಳಲು: ‘ಇವತ್ತೇ ಒಳಗೆ ಬಿಡಬಹುದಾ?’ ನಾನು ಪಶುವೈದ್ಯೆ ಅಲ್ಲ. ಬಹಳ ವರ್ಷದಿಂದ ಗಿನಿಪಿಗ್ ಸಾಕಿದವಳು, ಜನ ಬೇಡ ಅಂತ ಕೊಟ್ಟವನ್ನು ಬೇರೆ ಗುಂಪಿಗೆ ಸೇರಿಸಿ ಅಭ್ಯಾಸ ಇರುವವಳು, ಅಷ್ಟೇ. ಇವತ್ತು ಬೇಡ ಅಂದೆ. ಆಮೇಲೆ ನಡೆದದ್ದನ್ನು ಇಲ್ಲಿ ಬರೆದಿದ್ದೇನೆ. ಇದರಲ್ಲಿ ನನಗೆ ಮುಖ್ಯ ಅನ್ನಿಸಿದ ವಿಷಯ ಒಂದೇ. ಜೋಡಿಗೆ ಒಬ್ಬಳನ್ನು ಸೇರಿಸುವಾಗ ಎಲ್ಲರೂ ಹೊಸಬಳ ಮೇಲೆ ಕಣ್ಣಿಡುತ್ತಾರೆ. ನಿಜವಾಗಿ ಅಲುಗಾಡುವುದು ಹಳೆಯ ಜೋಡಿ.

ಮೊದಲು ಒಂದೇ ಸಂಬಂಧ ಇತ್ತು, ರಾಗಿ ಮತ್ತು ಬೆಲ್ಲರದ್ದು. ಮೂರನೆಯವಳು ಬಂದ ಕೂಡಲೇ ಅದು ಮೂರಾಗುತ್ತದೆ. ರಾಗಿ-ಚುಕ್ಕಿ, ಬೆಲ್ಲ-ಚುಕ್ಕಿ, ಜೊತೆಗೆ ಹೊಸದಾಗಿ ತೀರ್ಮಾನ ಆಗಬೇಕಾದ ರಾಗಿ-ಬೆಲ್ಲ. ಮಗಳು ಇದನ್ನು ಫೋನಿನಲ್ಲೇ ತಟ್ಟನೆ ಹಿಡಿದಳು: ‘ಇಬ್ಬರೇ ಇದ್ದ ಹಾಸ್ಟೆಲ್ ರೂಮಿಗೆ ಮೂರನೇ ಮಂಚ ಹಾಕಿದ ಹಾಗೆ ಅಲ್ವಾ ಆಂಟಿ? ಹೊಸಬಳು ಹೇಗೋ ಹೊಂದಿಕೊಳ್ತಾಳೆ. ಹಳಬರಿಬ್ಬರೇ ಕಿತ್ತಾಡ್ತಾರೆ.’

ಸೇರಿಸಲೇಬೇಕಾ?

ಇದನ್ನು ಮೊದಲು ಕೇಳಿಕೊಳ್ಳಬೇಕು. ಜೋಡಿ ಚೆನ್ನಾಗಿದೆ ಅಂದರೆ ಅದಕ್ಕೆ ಮೂರನೆಯದು ಬೇಕಾಗಿಲ್ಲ. ಇಲ್ಲಿ ಅಗತ್ಯ ಇದ್ದದ್ದು ಚುಕ್ಕಿಗೆ. ಗಿನಿಪಿಗ್ ಗುಂಪಿನ ಪ್ರಾಣಿ. ಆಂಡಿಸ್ ಪರ್ವತದ ಜನ ಇದನ್ನು ಸಾವಿರಾರು ವರ್ಷಗಳ ಹಿಂದೆಯೇ ಸಾಕಿ ಪಳಗಿಸಿದರು. ಆದರೂ ಗುಂಪಿನಲ್ಲಿರುವ ಸ್ವಭಾವ ಹೋಗಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ 2008ರ ಪ್ರಾಣಿರಕ್ಷಣಾ ನಿಯಮದ ಪ್ರಕಾರ ಗಿನಿಪಿಗ್ ಅನ್ನು ಒಂಟಿಯಾಗಿ ಸಾಕುವ ಹಾಗಿಲ್ಲ. ನಮ್ಮಲ್ಲಿ ಅಂಗಡಿಯವರು ಒಂದನ್ನೇ ಡಬ್ಬಿಗೆ ಹಾಕಿ ಕೊಡುತ್ತಾರೆ, ‘ಒಂದಿದ್ದರೆ ನಿಮಗೆ ಚೆನ್ನಾಗಿ ಹೊಂದಿಕೊಳ್ಳುತ್ತೆ’ ಅಂತ ಬೇರೆ ಹೇಳುತ್ತಾರೆ. ಚುಕ್ಕಿ ಹಾಗೆ ಬಂದವಳು.

ಇನ್ನೊಂದು ಕಾರಣ ಅಮ್ಮನದು. ಗಿನಿಪಿಗ್ ಸಾಮಾನ್ಯವಾಗಿ ಐದರಿಂದ ಎಂಟು ವರ್ಷ ಬದುಕುತ್ತದೆ. ರಾಗಿ, ಬೆಲ್ಲರಲ್ಲಿ ಒಬ್ಬಳು ಹೋದರೆ ಇನ್ನೊಬ್ಬಳು ಒಂಟಿ. ಆಗ ಗಡಿಬಿಡಿಯಲ್ಲಿ ಹುಡುಕುವ ಬದಲು ಈಗಲೇ ಮೂವರಿದ್ದರೆ ಒಳ್ಳೆಯದು ಅನ್ನುವುದು ಅವರ ಯೋಚನೆ. ನನಗೂ ಸರಿ ಅನ್ನಿಸಿತು. ಮಗನ ಕಾರಣ ಮಾತ್ರ ಸರಳ. ಚುಕ್ಕಿಯ ತಲೆಯ ಮೇಲೆ ಬಿಳಿ ಸುಳಿ ಇದೆ, ನೋಡಲು ಮುದ್ದಾಗಿದ್ದಾಳೆ.

ಹೆಣ್ಣೇ ತಾನೇ?

‘ಹೆಣ್ಣು ಅಂತ ಹೇಳಿದ್ದಾರೆ’ ಅನ್ನುವ ಮಾತನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಂಗಡಿಯಲ್ಲಿ ಗಂಡನ್ನು ಹೆಣ್ಣು ಎಂದು ಮಾರುವುದು ಎಷ್ಟು ಮಾಮೂಲಿ ಅಂದರೆ, ‘ಎರಡು ಹೆಣ್ಣು’ ತಂದ ಮನೆಯಲ್ಲಿ ಎರಡೂವರೆ ತಿಂಗಳಿಗೆ ಮರಿ ಕಂಡ ಕಥೆ ಗಿನಿಪಿಗ್ ಸಾಕುವವರಲ್ಲಿ ಎಲ್ಲರ ಬಳಿಯೂ ಒಂದಿರುತ್ತದೆ. ಗಂಡು ಮರಿ ಮೂರು ವಾರಕ್ಕೇ ಮರಿ ಹುಟ್ಟಿಸುವಷ್ಟು ಬೆಳೆಯಬಹುದು. ಗರ್ಭ 59ರಿಂದ 72 ದಿನ. ಹೆತ್ತ ಕೆಲವೇ ಗಂಟೆಯಲ್ಲಿ ಹೆಣ್ಣು ಮತ್ತೆ ಬೆದೆಗೆ ಬರುತ್ತದೆ.

ರಾಗಿ, ಬೆಲ್ಲರ ವಿಷಯದಲ್ಲಿ ಇದು ಬರೀ ಮರಿ ಜಾಸ್ತಿಯಾಗುವ ತಲೆನೋವು ಅಲ್ಲ, ಜೀವದ ಪ್ರಶ್ನೆ. ಆರೆಂಟು ತಿಂಗಳೊಳಗೆ ಒಮ್ಮೆಯೂ ಹೆರದ ಹೆಣ್ಣಿನ ಸೊಂಟದ ಮುಂದಿನ ಎಲುಬಿನ ಕೂಡು ಗಟ್ಟಿಯಾಗಿಬಿಡುತ್ತದೆ. ಆಮೇಲೆ ಹೆರಿಗೆಗೆ ಬೇಕಾದಷ್ಟು ಅಗಲ ಆಗುವುದಿಲ್ಲ. ಮರಿ ಸಿಕ್ಕಿಕೊಂಡು ತಾಯಿ ಸಾಯುವ ಅಪಾಯ ತುಂಬಾ. ಗಿನಿಪಿಗ್ ಮರಿ ಮೈತುಂಬ ಕೂದಲು, ತೆರೆದ ಕಣ್ಣುಗಳೊಂದಿಗೆ ದೊಡ್ಡದಾಗೇ ಹುಟ್ಟುತ್ತದೆ.

ಚುಕ್ಕಿಯನ್ನು ವೈದ್ಯರು ನೋಡಿ ಹೆಣ್ಣೇ ಎಂದರು. ವರ್ಷದಿಂದ ಒಂಟಿಯಾಗಿದ್ದವಳು, ಗರ್ಭದ ಚಿಂತೆ ಇಲ್ಲ. ಅಂಗಡಿಯಿಂದ ನೇರ ತಂದಿದ್ದರೆ ಇಷ್ಟು ಸಲೀಸಾಗಿರುತ್ತಿರಲಿಲ್ಲ, ಎರಡು ತಿಂಗಳಿಗೂ ಜಾಸ್ತಿ ಕಣ್ಣಿಟ್ಟು ಕಾಯಬೇಕಾಗುತ್ತಿತ್ತು. ಗಂಡಾಗಿದ್ದರೆ ಬೀಜ ತೆಗೆಸಿ, ಆಮೇಲೂ ಸುಮಾರು ಆರು ವಾರ ಬೇರೆ ಇಟ್ಟು, ನಂತರ ಸೇರಿಸಬಹುದಿತ್ತು. ಎರಡು ಹೆಣ್ಣಿನ ಜೊತೆ ಬೀಜ ತೆಗೆಸಿದ ಒಂದು ಗಂಡು ನಿಜಕ್ಕೂ ಒಳ್ಳೆಯ ಗುಂಪು. ಎರಡು ಗಂಡಿನ ಜೋಡಿಗೆ ಮೂರನೇ ಗಂಡನ್ನು ತರಬೇಕು ಅನ್ನುವವರಿಗೆ ಮಾತ್ರ ನಾನು ಬೇಡ ಅಂತಲೇ ಹೇಳುತ್ತೇನೆ. ಮೂರು ಗಂಡು ನೆಮ್ಮದಿಯಾಗಿ ಉಳಿಯುವುದು ಅಪರೂಪ, ಇರುವ ಜೋಡಿಯೂ ಒಡೆಯುತ್ತದೆ.

ಬೇರೆ ಕೋಣೆಯ ದಿನಗಳು

ಎರಡರಿಂದ ಮೂರು ವಾರ ಚುಕ್ಕಿ ಬೇರೆ ಕೋಣೆಯಲ್ಲಿ. ಒಂದೇ ಹಾಲ್‌ನ (ನಡುಮನೆಯ) ಇನ್ನೊಂದು ಮೂಲೆ ಅಲ್ಲ, ಬಾಗಿಲು ಹಾಕಿಕೊಳ್ಳುವ ಬೇರೆ ಕೋಣೆ. ಮೊದಲು ಹಳೆಯವರಿಗೆ ಹುಲ್ಲು, ನೀರು. ಕೊನೆಗೆ ಚುಕ್ಕಿಗೆ. ಆಮೇಲೆ ಕೈ ತೊಳೆದು, ಮೇಲಿನ ಬಟ್ಟೆ ಬದಲಿಸುವುದು. ಅಜ್ಜಿಗೆ ಇದು ಅತಿ ಅನ್ನಿಸಿತು. ‘ಏನಮ್ಮಾ, ಆಸ್ಪತ್ರೆ ಮಾಡಿಟ್ಟಿದ್ದೀಯಲ್ಲ’ ಅಂದರು.

ಒಂದು ವಾರದೊಳಗೆ ಕಾರಣ ತಾನಾಗಿ ಕಂಡಿತು. ಚುಕ್ಕಿ ಭುಜದ ಹತ್ತಿರ ಕೆರೆದುಕೊಳ್ಳುತ್ತಿದ್ದಳು. ಕೂದಲು ತೆಳುವಾಗಿ ಕೆಳಗೆ ಹೊಟ್ಟು ಕಾಣುತ್ತಿತ್ತು. ವೈದ್ಯರು ಚರ್ಮ ಕೆರೆದು ನೋಡಿ ನುಸಿ ಅಂದರು. ಗಿನಿಪಿಗ್‌ಗೆ ಬರುವ ಈ ನುಸಿ ಚರ್ಮದೊಳಗೇ ಬಿಲ ಕೊರೆಯುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಬಿಟ್ಟರೆ ಕೆರೆತ ಎಷ್ಟು ಜೋರಾಗುತ್ತದೆ ಅಂದರೆ ಕೆಲವಕ್ಕೆ ಫಿಟ್ಸ್ ಕೂಡ ಬರುತ್ತದೆ. ಐವರ್‌ಮೆಕ್ಟಿನ್ ಕೊಟ್ಟರು. ಮೊಟ್ಟೆಗಳ ಮೇಲೆ ಅದು ಕೆಲಸ ಮಾಡುವುದಿಲ್ಲ, ಹಾಗಾಗಿ ಒಡೆದು ಬರುವ ಹೊಸ ನುಸಿಗಾಗಿ ಕೆಲವು ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಕೊಡಬೇಕು. ತೂಕ ನೋಡಿ ಹನಿ ಲೆಕ್ಕದಲ್ಲಿ ಕೊಡುವ ಔಷಧಿ ಅದು. ನಾಯಿಗೆ ತಂದ ಔಷಧಿಯನ್ನು ಅಂದಾಜಿನಲ್ಲಿ ಹಾಕುವುದು ಬೇಡ.

ಅಂಟುವ ಕಾಯಿಲೆ ಇದೊಂದೇ ಅಲ್ಲ. ಹುಳುಕಡ್ಡಿ ಗಿನಿಪಿಗ್‌ನಿಂದ ಗಿನಿಪಿಗ್‌ಗೆ ಮಾತ್ರ ಅಲ್ಲ, ಮುದ್ದು ಮಾಡುವ ಮಗುವಿಗೂ ಹತ್ತುತ್ತದೆ. ಉಸಿರಾಟದ ಸೋಂಕು ಸಣ್ಣ ಸೀನಿನಿಂದ ಶುರುವಾಗಿ ನ್ಯುಮೋನಿಯಾ ಆಗುತ್ತದೆ. ಮೊಲ, ನಾಯಿ ಏನೂ ಆಗದೆ ಹೊತ್ತು ತಿರುಗುವ ಬೋರ್ಡೆಟೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಗಿನಿಪಿಗ್ ಅನ್ನು ಕೊಲ್ಲಬಹುದು. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಯಾವ ಕಾರಣಕ್ಕೂ ಕೊಡಬಾರದು. ಪೆನಿಸಿಲಿನ್ ಜಾತಿಯ ಔಷಧಿ ಬಾಯಿಗೆ ಬಿದ್ದರೆ ಗಿನಿಪಿಗ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ವಿಷ ಉಂಟುಮಾಡುವವು ಬೆಳೆಯುತ್ತವೆ, ಪ್ರಾಣಿ ಸಾಯುತ್ತದೆ. ನಾಯಿ-ಬೆಕ್ಕು ಮಾತ್ರ ನೋಡುವ ಕ್ಲಿನಿಕ್‌ಗಿಂತ ಮೊಲ, ಗಿನಿಪಿಗ್ ನೋಡಿ ಗೊತ್ತಿರುವ ವೈದ್ಯರನ್ನು ಮೊದಲೇ ಹುಡುಕಿ ನಂಬರ್ ಇಟ್ಟುಕೊಳ್ಳುವುದು ಜಾಣತನ.

ಈ ವಾರಗಳಲ್ಲಿ ಇನ್ನೊಂದು ಕೆಲಸ ಮುಗಿಯಿತು, ಊಟ ಸರಿ ಮಾಡುವುದು. ಹಳೆಯ ಮನೆಯಲ್ಲಿ ಚುಕ್ಕಿಗೆ ಬಣ್ಣಬಣ್ಣದ ಕಾಳಿನ ಮಿಶ್ರಣ, ಕ್ಯಾರೆಟ್, ಆಗೀಗ ಚಪಾತಿ ಚೂರು. ಹುಲ್ಲು ಬಹಳ ಕಡಿಮೆ. ಗಿನಿಪಿಗ್ ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದೇ ಅದು ಸವೆಯಬೇಕು. ಟಿಮೊತಿ ಒಣಹುಲ್ಲು ಇಲ್ಲಿ ದುಬಾರಿ. ಈ ಮನೆಯವರು ಅದರ ಜೊತೆ ಗರಿಕೆ ಸೇರಿಸುತ್ತಾರೆ. ದೇವಸ್ಥಾನದ ಮುಂದೆ ಗಣೇಶನಿಗೆ ಅಂತ ಮಾರುವ ಅದೇ ಗರಿಕೆ. ಚೆನ್ನಾಗಿ ತೊಳೆದು, ನೀರು ಹೋಗುವ ತನಕ ಹರಡಿ ಕೊಡುತ್ತಾರೆ. ಕುದುರೆ ಮೆಂತೆ ಹುಲ್ಲಿನಲ್ಲಿ ಸುಣ್ಣದ ಅಂಶ ಜಾಸ್ತಿ, ದೊಡ್ಡವಕ್ಕೆ ದಿನಾ ಕೊಟ್ಟರೆ ಮೂತ್ರಕೋಶದಲ್ಲಿ ಕಲ್ಲಾಗುವ ಭಯ. ವಿಟಮಿನ್ ಸಿ ನಮ್ಮ ಹಾಗೆಯೇ ಇವಕ್ಕೂ ಹೊರಗಿನಿಂದಲೇ ಬರಬೇಕು. ಅದಕ್ಕೆ ದಿನಾ ದಪ್ಪ ಮೆಣಸಿನಕಾಯಿಯ ಒಂದು ಹೋಳು, ಸ್ವಲ್ಪ ಕೊತ್ತಂಬರಿ ಸೊಪ್ಪು. ಹೊಸ ಜಾಗ, ಹೊಸ ಜೊತೆ, ಹೊಸ ಊಟ ಮೂರೂ ಒಂದೇ ದಿನ ಮೇಲೆ ಬಿದ್ದರೆ ಹೊಟ್ಟೆ ಕೆಡುವುದು ಖಂಡಿತ. ಊಟ ಮೊದಲೇ ಒಗ್ಗಿದ್ದರೆ ಒಂದು ಭಾರ ಇಳಿಯುತ್ತದೆ.

ನುಸಿ ಹೋಯಿತು ಅಂತ ವೈದ್ಯರು ಹೇಳಿದ ಮೇಲೆ ಚುಕ್ಕಿಯ ಪಂಜರವನ್ನು ಹಾಲಿಗೆ ತಂದು ಜೋಡಿಯ ಪಕ್ಕ ಇಟ್ಟರು. ನಡುವೆ ನಾಲ್ಕು ಬೆರಳು ಜಾಗ, ಕಂಬಿಯ ಮೂಲಕ ಮೂಗು ಕಚ್ಚದ ಹಾಗೆ. ಒಂಟಿಯಾಗಿ ಬೆಳೆದವಳಿಗೆ ತನ್ನವರ ಸದ್ದು, ವಾಸನೆ ತಿಳಿಯಲಿ ಅಂತ ಮಾಡಿದ್ದು. ಕೆಲವು ದಿನ ಸಾಕು. ಸೇರಿಸಬೇಕು ಅಂತಿದ್ದು ತಿಂಗಳುಗಟ್ಟಲೆ ಹೀಗಿಟ್ಟರೆ ಕಂಬಿಯ ಆಚೆಯಿಂದಲೇ ಸಿಟ್ಟು ಬೆಳೆಯುತ್ತದೆ, ಲಾಭ ಇಲ್ಲ.

ಅಜ್ಜಿಯ ಕೋಣೆಯಲ್ಲಿ

ರಾಗಿ, ಬೆಲ್ಲ ದಿನಾ ಸಂಜೆ ಹಾಲಿನಲ್ಲಿ ಓಡಾಡುತ್ತಾರೆ. ಅಂದರೆ ಹಾಲ್ ಅವರ ಜಾಗ. ಚುಕ್ಕಿಯನ್ನು ಅಲ್ಲಿ ಬಿಟ್ಟರೆ ಅವಳು ನುಗ್ಗಿ ಬಂದವಳಾಗುತ್ತಾಳೆ. ಹಾಗಾಗಿ ಮೂವರಲ್ಲಿ ಯಾರೂ ಕಾಲಿಡದ ಅಜ್ಜಿಯ ಕೋಣೆ ಆರಿಸಿದೆವು. ಒಗೆದ ಹಳೆಯ ಬೆಡ್‌ಶೀಟ್ ಹಾಸಿ, ಸುತ್ತ ರಟ್ಟಿನ ಗೋಡೆ ಕಟ್ಟಿ, ಮಂಚದ ಕೆಳಗೆ ನುಸುಳದ ಹಾಗೆ ಮುಚ್ಚಿದರು. ಜಾಗ ದೊಡ್ಡದಿರಬೇಕು. ಓಡಲು ಜಾಗ ಇದ್ದರೆ ಸೋಲುವವಳು ಓಡಿ ಸೋಲುತ್ತಾಳೆ. ಜಾಗ ಇಲ್ಲದಿದ್ದರೆ ತಿರುಗಿ ಬಿದ್ದು ಕಚ್ಚುತ್ತಾಳೆ.

ನಡುವೆ ಒಣಹುಲ್ಲಿನ ದೊಡ್ಡ ರಾಶಿ. ಅಲ್ಲಲ್ಲಿ ಕೊತ್ತಂಬರಿ ಸೊಪ್ಪು. ಗೂಡು, ಮನೆ ಏನೂ ಇಲ್ಲ. ಒಂದೇ ಬಾಗಿಲಿನ ಗೂಡು ಇದ್ದರೆ ಒಬ್ಬಳು ಒಳಗೆ ಸಿಕ್ಕಿಬೀಳುತ್ತಾಳೆ, ಇನ್ನೊಬ್ಬಳು ಬಾಗಿಲಲ್ಲಿ ಕಾಯುತ್ತಾಳೆ. ಕೈಗೆ ಸಿಗುವಲ್ಲಿ ಒಂದು ದಪ್ಪ ಟವೆಲ್ ಮತ್ತು ಅಜ್ಜಿಯ ಹಳೆಯ ಮೊರ. ಜಗಳ ಬಿಡಿಸಬೇಕಾದರೆ ನಡುವೆ ಮೊರ ಇಳಿಸಬೇಕು, ಬರಿಗೈ ಹಾಕಬಾರದು. ಗಿನಿಪಿಗ್ ಬೇಕಂತ ಕಚ್ಚದಿದ್ದರೂ ಆ ಹೊತ್ತಿನಲ್ಲಿ ಅದಕ್ಕೆ ಬೆರಳು ಯಾವುದು, ಎದುರಾಳಿ ಯಾವುದು ತಿಳಿಯುವುದಿಲ್ಲ.

ಮೂವರನ್ನೂ ಒಟ್ಟಿಗೇ ಬಿಟ್ಟೆವು. ರಾಗಿ ನೇರ ಬಂದು ಚುಕ್ಕಿಯ ಹಿಂಭಾಗ ಮೂಸಿದಳು. ಗುರ್ರ್ ಎಂದು ಮೈ ನಡುಗಿಸುವ ಸದ್ದು ಮಾಡುತ್ತಾ, ಸೊಂಟ ಆಚೀಚೆ ತೂಗುತ್ತಾ ಸುತ್ತು ಹಾಕಿದಳು. ಮೇಲೆ ಹತ್ತಿದಳು. ಚುಕ್ಕಿ ಜೋರಾಗಿ ಕಿರುಚಿ ಓಡಿದಳು. ಮಗ ಎದ್ದು ನಿಂತ. ‘ಆಂಟಿ, ಕಚ್ತಿದ್ದಾಳೆ!’ ಕಚ್ಚುತ್ತಿರಲಿಲ್ಲ. ಹೆಣ್ಣು ಹೆಣ್ಣಿನ ಮೇಲೆ ಹತ್ತುವುದು ‘ಇಲ್ಲಿ ನಾನು ದೊಡ್ಡವಳು’ ಅಂತ ಹೇಳುವ ರೀತಿ. ಕಿರುಚುವುದು ನೋವಿಗಲ್ಲ, ‘ಸರಿ ಬಿಡು’ ಅನ್ನುವುದಕ್ಕೆ. ರಾಗಿಗೆ ಉತ್ತರ ಸಿಕ್ಕಿತು. ಹತ್ತೇ ನಿಮಿಷಕ್ಕೆ ಹೋಗಿ ಸೊಪ್ಪು ತಿನ್ನುತ್ತಾ ಕೂತಳು.

ತೊಂದರೆ ಶುರುವಾಗಿದ್ದು ಬೆಲ್ಲಳಿಂದ. ಮನೆಯವರಿಗೆ ಇದು ಆಶ್ಚರ್ಯ. ಮೂರು ವರ್ಷ ರಾಗಿಯ ಹಿಂದೆ ತಲೆ ತಗ್ಗಿಸಿ ಓಡಾಡಿದವಳು, ಸೊಪ್ಪು ಕೂಡ ರಾಗಿ ಬಿಟ್ಟ ಮೇಲೆ ತಿನ್ನುವವಳು. ಅವಳೇ ಈಗ ಚುಕ್ಕಿಯನ್ನು ಬಿಡದೆ ಅಟ್ಟಿಸಿಕೊಂಡು ಹೋಗಿ, ಬೆನ್ನಿನ ಕೂದಲು ಕಿತ್ತು, ಹಲ್ಲು ಕಟಕಟ ಅನ್ನಿಸಿದಳು. ನನಗೆ ಆಶ್ಚರ್ಯ ಆಗಲಿಲ್ಲ. ಮೇಲಿನವಳಿಗೆ ತನ್ನ ಸ್ಥಾನದ ಬಗ್ಗೆ ಅನುಮಾನ ಇರುವುದಿಲ್ಲ. ಎರಡನೆಯವಳಿಗೆ ಮೂರನೆಯವಳು ಬಂದರೆ ಎರಡರಲ್ಲಿ ಒಂದು. ಜೀವನದಲ್ಲಿ ಮೊದಲ ಸಲ ತನಗಿಂತ ಕೆಳಗೆ ಒಬ್ಬಳು ಸಿಗುತ್ತಾಳೆ, ಇಲ್ಲವೇ ತಾನು ಇನ್ನೂ ಕೆಳಗೆ ಇಳಿಯುತ್ತಾಳೆ. ಜೋರಾಗಿ ಹೋರಾಡುವವಳು ಅವಳೇ.

ಚುಕ್ಕಿಯ ಕಷ್ಟ ಬೇರೆ. ಗುಂಪಿನಲ್ಲಿ ಬೆಳೆದ ಮರಿ ತಾಯಿ, ಅಕ್ಕತಂಗಿಯರ ಜೊತೆ ಸೋಲುವುದನ್ನು ಕಲಿತಿರುತ್ತದೆ. ತಲೆ ತಗ್ಗಿಸುವುದು, ಪಕ್ಕಕ್ಕೆ ಸರಿಯುವುದು, ಬೆನ್ನು ಕೊಟ್ಟು ಹೋಗುವುದು. ಚುಕ್ಕಿಗೆ ಅದು ಗೊತ್ತಿಲ್ಲ. ಬೆಲ್ಲ ಎದುರು ಬಂದು ಮೂಗು ಎತ್ತಿದರೆ ಇವಳೂ ಎತ್ತುತ್ತಾಳೆ. ಯಾರ ಗದ್ದ ಮೇಲೆ ಉಳಿಯುತ್ತದೋ ಅವರು ಗೆದ್ದಂತೆ ಅನ್ನುವ ಆ ಆಟದಲ್ಲಿ ಇಬ್ಬರೂ ಕುತ್ತಿಗೆ ಚಾಚಿ ನಿಂತೇ ಇದ್ದರು. ಒಮ್ಮೆ ಚುಕ್ಕಿ ಹಿಂದೆ ತಿರುಗಿ ಬೆಲ್ಲಳ ಮುಖಕ್ಕೇ ಉಚ್ಚೆ ಚಿಮ್ಮಿಸಿದಳು. ಹೆಣ್ಣು ಗಿನಿಪಿಗ್‌ಗಳ ‘ನನ್ನ ಹತ್ತಿರ ಬರಬೇಡ’ ಅದು. ಅಜ್ಜಿಗೆ ನಗು ತಡೆಯಲಾಗಲಿಲ್ಲ.

ನೋಡುವವರಿಗೆ ಕಷ್ಟದ ಹೊತ್ತು ಇದೇ. ಅಟ್ಟುವುದು, ಹತ್ತುವುದು, ಕೂದಲು ಕೀಳುವುದು, ಹಲ್ಲು ತೋರಿಸಿ ಆಕಳಿಸುವುದು, ಕಿರುಚುವುದು ಎಲ್ಲ ನಡೆಯಲಿ. ಪ್ರತಿ ಕಿರುಚಾಟಕ್ಕೂ ಎತ್ತಿಕೊಂಡರೆ ಅವರ ಮಾತುಕತೆ ಅರ್ಧಕ್ಕೆ ನಿಲ್ಲುತ್ತದೆ. ಮುಂದಿನ ಸಲ ಮತ್ತೆ ಮೊದಲಿಂದ, ಇನ್ನೂ ಜೋರಾಗಿ. ನಾನು ಕಾಯುವ ಗುರುತು ಬೇರೆ. ಇಬ್ಬರೂ ಎದುರುಬದುರು ನಿಂತು, ಮೈಕೂದಲು ನಿಮಿರಿ, ಹಲ್ಲಿನ ಸದ್ದು ನಿಲ್ಲದೆ ಜೋರಾಗಿ, ಇಬ್ಬರಲ್ಲಿ ಒಬ್ಬರೂ ಸರಿಯದಿದ್ದರೆ ಮೊರ ಕೈಗೆ ಬರುತ್ತದೆ. ಹಾರಿ ಬಿದ್ದು ಕಚ್ಚಿ ಇಬ್ಬರೂ ಉಂಡೆಯಾಗಿ ಉರುಳಿದರೆ, ರಕ್ತ ಬಂದರೆ ಅವತ್ತಿಗೆ ಮುಗಿಯಿತು. ಅಂಥ ಜಗಳ ಒಮ್ಮೆ ಆದ ಇಬ್ಬರನ್ನು ಮತ್ತೆ ಸೇರಿಸುವುದಕ್ಕೆ ನಾನು ಅವಸರ ಮಾಡುವುದಿಲ್ಲ.

ಅಲ್ಲಿ ಮೊರ ಒಮ್ಮೆ ಇಳಿಯಿತು. ಬೆಲ್ಲ ಮತ್ತು ಚುಕ್ಕಿ ಎದುರುಬದುರು ನಿಂತಾಗ ನಡುವೆ ಹಿಡಿದು ಒಂದು ಕ್ಷಣ ಒಬ್ಬಳಿಗೊಬ್ಬಳು ಕಾಣದ ಹಾಗೆ ಮಾಡಿದೆ. ಎತ್ತಲಿಲ್ಲ, ಬೇರೆ ಮಾಡಲಿಲ್ಲ. ಇನ್ನೊಂದಿಷ್ಟು ಸೊಪ್ಪು ಉದುರಿಸಿದೆ. ತಿನ್ನುವ ಬಾಯಿಗೆ ಜಗಳ ಮರೆಯುತ್ತದೆ, ಸ್ವಲ್ಪ ಹೊತ್ತಾದರೂ. ಮಧ್ಯಾಹ್ನದ ಹೊತ್ತಿಗೆ ಮೂವರೂ ಬೇರೆ ಬೇರೆ ಮೂಲೆಯಲ್ಲಿ ಕಾಲು ಚಾಚಿ ಮಲಗಿದ್ದರು. ಮಗನಿಗೆ ನಿರಾಶೆ, ಅಪ್ಪಿಕೊಂಡು ಮಲಗುತ್ತಾರೆ ಅಂದುಕೊಂಡಿದ್ದ. ಒಂದೇ ಜಾಗದಲ್ಲಿ ಕಾಲು ಚಾಚಿ ಮಲಗುವುದೇ ದೊಡ್ಡ ನಂಬಿಕೆ ಅಂತ ಅವನಿಗೆ ಹೇಳಿದೆ.

ಇನ್ನೊಂದು ಮಾತು. ಸೇರಿಸುವ ಮೊದಲು ಎಲ್ಲರಿಗೂ ಒಟ್ಟಿಗೆ ಸ್ನಾನ ಮಾಡಿಸಿದರೆ ವಾಸನೆ ಒಂದಾಗಿ ಜಗಳ ಇರುವುದಿಲ್ಲ ಅನ್ನುತ್ತಾರೆ. ನನಗೆ ಒಪ್ಪಿಗೆ ಇಲ್ಲ. ನೀರಿನಲ್ಲಿ ನೆನೆದ ಗಿನಿಪಿಗ್ ಹೆದರಿ ಸುಮ್ನೆ ಕೂತಿರುತ್ತದೆ. ನೋಡುವವರು ಅದನ್ನೇ ಸ್ನೇಹ ಅಂದುಕೊಳ್ಳುತ್ತಾರೆ. ಒಣಗಿದ ಮೇಲೆ ಜಗಳ ಅಲ್ಲೇ ಇರುತ್ತದೆ, ಜೊತೆಗೆ ನೆಗಡಿಯ ಭಯ ಬೇರೆ.

ಒಂದೇ ಮನೆ, ಹೊಸ ಮನೆ

ಸಂಜೆ ಅವರವರ ಪಂಜರಕ್ಕೆ ವಾಪಸ್ ಕಳಿಸಲಿಲ್ಲ. ಹಾಗೆ ಮಾಡಿದರೆ ಮರುದಿನ ಮತ್ತೆ ಮೊದಲಿನಿಂದ ಪಾಠ. ಮೂವರೂ ಒಟ್ಟಿಗೆ ಹೊಸ ಪಂಜರಕ್ಕೆ ಹೋದರು. ಹಳೆಯದು ಎರಡಡಿ ಅಗಲ, ನಾಲ್ಕಡಿ ಉದ್ದ, ಎಂಟು ಚದರ ಅಡಿ. ಇಬ್ಬರಿಗೆ ಕನಿಷ್ಠ ಏಳೂವರೆ ಅನ್ನುವ ಲೆಕ್ಕಕ್ಕೆ ಹೇಗೋ ಸರಿ. ಮೂವರಿಗೆ ಹತ್ತೂವರೆ ಬೇಕೇ ಬೇಕು, ಹದಿಮೂರು ಇದ್ದರೆ ಒಳ್ಳೆಯದು. ಕಂಬಿ ಜಾಲರಿಯ ತುಂಡುಗಳನ್ನು ಜೋಡಿಸಿ ಎರಡೂವರೆ ಅಡಿಗೆ ಆರಡಿ ಮಾಡಿದರು. ಅಂಗಡಿಯಲ್ಲಿ ‘ಗಿನಿಪಿಗ್ ಕೇಜ್’ ಅಂತ ಮಾರುವುದರಲ್ಲಿ ಮೂರು ಇರಲಿ, ಒಂದಕ್ಕೂ ಸರಿಯಾದ ಜಾಗ ಇರುವುದಿಲ್ಲ. ಪಂಜರದ ಎಲ್ಲವನ್ನೂ ವಿನೆಗರ್ ಹಾಕಿದ ನೀರಿನಲ್ಲಿ ಒರೆಸಿ, ಬಟ್ಟೆ ಹೊಸದಾಗಿ ಹಾಸಿ, ಗೂಡುಗಳ ಜಾಗ ಬದಲಿಸಿದರು. ಯಾರದ್ದೂ ಹಳೆಯ ಮೂಲೆ ಉಳಿಯಬಾರದು.

ಮೊದಲ ರಾತ್ರಿ ಅಮ್ಮ ಹಾಲಿನಲ್ಲೇ ಮಲಗಿದರು. ಸ್ವಲ್ಪ ಅಟ್ಟಾಟ, ಸ್ವಲ್ಪ ಗುರ್ರ್. ರಕ್ತ ಇಲ್ಲ.

ಕಷ್ಟ ಬಂದದ್ದು ಆಮೇಲೆ

ಮೊದಲ ದಿನದ ಗಲಾಟೆ ಎಲ್ಲರ ಕಣ್ಣಿಗೂ ಬೀಳುತ್ತದೆ. ನಂತರದ ಸದ್ದಿಲ್ಲದ ಕಿರುಕುಳ ಕಾಣುವುದು ತಕ್ಕಡಿಯಲ್ಲಿ ಮಾತ್ರ. ಅಡಿಗೆಮನೆಯ ತಕ್ಕಡಿಯಲ್ಲಿ ಮೂವರನ್ನೂ ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ ಅಂದಿದ್ದೆ. ಸೇರಿಸಿದಾಗ ರಾಗಿ 1050 ಗ್ರಾಂ, ಬೆಲ್ಲ 940, ಚುಕ್ಕಿ 780. ಒಂದು ವಾರ ಕಳೆದ ಮೇಲೆ ಚುಕ್ಕಿ 740ಕ್ಕೆ ಇಳಿದಿದ್ದಳು. ಒಂದು ದಿನದ ಏರುಪೇರು ದೊಡ್ಡದಲ್ಲ, ಹೊಟ್ಟೆ ತುಂಬಿದ್ದರೆ ಖಾಲಿಯಿದ್ದರೆ ಅಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ದಿನದಿಂದ ದಿನಕ್ಕೆ ಇಳಿಯುತ್ತಲೇ ಇರುವುದು ಬೇರೆ ಮಾತು. ಗಿನಿಪಿಗ್ ಕರುಳು ನಿಲ್ಲದೆ ಓಡುತ್ತಿರಬೇಕು. ಒಂದು ದಿನ ಪೂರ್ತಿ ತಿನ್ನದಿದ್ದರೆ ಅದು ತುರ್ತು.

ಹಗಲಲ್ಲಿ ನೋಡಿದರೆ ಎಲ್ಲ ಸರಿಯಾಗಿತ್ತು. ರಾತ್ರಿ ಫೋನ್ ಇಟ್ಟು ವಿಡಿಯೊ ಮಾಡಿದಾಗ ತಿಳಿಯಿತು. ಹುಲ್ಲಿನ ಬುಟ್ಟಿ ಇದ್ದದ್ದು ಪಂಜರದ ಒಂದು ತುದಿಯಲ್ಲಿ, ಅದರ ಮೇಲೆ ಮಗ ಆಸೆಪಟ್ಟು ಮಾಡಿದ ಅಟ್ಟ. ಅಟ್ಟಕ್ಕೆ ಹೋಗುವ ಇಳಿಜಾರು ಹಲಗೆಯಿಂದಾಗಿ ಬುಟ್ಟಿಯ ದಾರಿ ಇಕ್ಕಟ್ಟಾಗಿತ್ತು. ಬೆಲ್ಲ ಆ ದಾರಿಗೆ ಅಡ್ಡ ಮಲಗುತ್ತಿದ್ದಳು. ಜಗಳ ಇಲ್ಲ, ಸದ್ದಿಲ್ಲ. ಚುಕ್ಕಿ ಬಂದು ನೋಡಿ ವಾಪಸ್ ಹೋಗುತ್ತಿದ್ದಳು.

‘ಬೆಲ್ಲಳನ್ನು ಎರಡು ದಿನ ಬೇರೆ ಹಾಕೋಣ, ಬುದ್ಧಿ ಬರಲಿ’ ಅಂದರು ಅಮ್ಮ. ಬರುವುದಿಲ್ಲ. ಗಿನಿಪಿಗ್‌ಗೆ ಶಿಕ್ಷೆ ತಿಳಿಯುವುದಿಲ್ಲ. ವಾಪಸ್ ಬಂದವಳು ಹೊಸಬಳಾಗುತ್ತಾಳೆ, ಎಲ್ಲ ಮತ್ತೆ ಶುರು. ಚುಕ್ಕಿಯನ್ನು ತೆಗೆದರೂ ಅದೇ ಕಥೆ. ತೆಗೆಯಬೇಕಾದದ್ದು ಅಟ್ಟ. ಮಗನಿಗೆ ಬೇಜಾರಾಯಿತು, ಆದರೂ ತೆಗೆದ. ಹುಲ್ಲು ಮೂರು ಕಡೆ ಹೋಯಿತು, ಒಂದರಿಂದ ಇನ್ನೊಂದು ಕಾಣದಷ್ಟು ದೂರ. ನೀರಿನ ಬಾಟಲಿ ಎರಡು ತುದಿಯಲ್ಲೂ. ಗೂಡುಗಳಿಗೆ ಎರಡು ಬಾಗಿಲು, ಇಲ್ಲದ್ದಕ್ಕೆ ಹಿಂದೆ ರಂಧ್ರ ಕೊರೆದರು. ಪೆಲೆಟ್ ಅನ್ನುವ ಗುಳಿಗೆಯಂಥ ಒಣ ಆಹಾರದ ಬಟ್ಟಲು ಎತ್ತಿಟ್ಟು, ಅದನ್ನು ಹುಲ್ಲಿನಲ್ಲಿ ಚೆಲ್ಲಿ ಹುಡುಕಿ ತಿನ್ನುವ ಹಾಗೆ ಮಾಡಿದರು. ಒಂದು ಬಟ್ಟಲನ್ನು ಒಬ್ಬಳು ಕಾಯಬಹುದು. ಹದಿನೈದು ಚದರ ಅಡಿಯನ್ನು ಕಾಯಲು ಆಗುವುದಿಲ್ಲ. ಚುಕ್ಕಿಯ ತೂಕ ನಿಂತಿತು, ಆಮೇಲೆ ನಿಧಾನಕ್ಕೆ ಏರಿತು.

ಮನೆಯವರಿಗೆ ನಿಜವಾಗಿ ನೋವಾಗಿದ್ದು ಬೇರೆ ವಿಷಯಕ್ಕೆ. ರಾಗಿ ಮತ್ತು ಬೆಲ್ಲ ಮೊದಲು ಒಂದೇ ಗೂಡಿನಲ್ಲಿ ಮಲಗುತ್ತಿದ್ದರು. ಈಗ ಇಲ್ಲ. ಮೇಲಾಗಿ ರಾಗಿ ಬೆಲ್ಲಳನ್ನು ಅಟ್ಟುತ್ತಿದ್ದಳು, ಮೇಲೆ ಹತ್ತುತ್ತಿದ್ದಳು. ‘ಇಬ್ಬರ ಸ್ನೇಹ ನಾವೇ ಹಾಳು ಮಾಡಿದ್ವೇನೋ ಕಣ್ರೀ’ ಅಂತ ಅಮ್ಮ ಫೋನ್ ಮಾಡಿದರು. ಬೆಲ್ಲ ಚುಕ್ಕಿಯ ಮೇಲೆ ಗೆಲ್ಲುತ್ತಾ ಗೆಲ್ಲುತ್ತಾ ರಾಗಿಯನ್ನೂ ಒಮ್ಮೆ ಅಳೆದು ನೋಡಿದ್ದಳು. ರಾಗಿ ಉತ್ತರ ಕೊಟ್ಟಿದ್ದಳು, ಅಷ್ಟೇ. ಗುಂಪಿನಲ್ಲಿ ಒಬ್ಬರು ಹೆಚ್ಚಾದರೂ ಕಡಿಮೆಯಾದರೂ ಎಲ್ಲರ ಸ್ಥಾನ ಮತ್ತೆ ತೀರ್ಮಾನ ಆಗುತ್ತದೆ. ಎರಡು ವಾರ ಹಿಡಿಯುವುದು ಮಾಮೂಲಿ, ಚುಕ್ಕಿಯಂಥ ಒಂಟಿ ಬೆಳೆದವಳಿದ್ದರೆ ಇನ್ನೂ ಜಾಸ್ತಿ.

ಒಂದು ಅನುಮಾನ ಮಾತ್ರ ಪರೀಕ್ಷೆ ಮಾಡಿಸಬೇಕಿತ್ತು. ಬೆಲ್ಲಳ ಹತ್ತುವಿಕೆ ತಣ್ಣಗಾದ ಮೇಲೂ ಕೆಲವು ದಿನ ಇದ್ದಕ್ಕಿದ್ದ ಹಾಗೆ ಏರುತ್ತಿತ್ತು. ವಯಸ್ಸಾದ ಹೆಣ್ಣು ಗಿನಿಪಿಗ್‌ಗಳಲ್ಲಿ ಅಂಡಾಶಯದ ಗುಳ್ಳೆ ಬಹಳ ಮಾಮೂಲಿ. ಹಾರ್ಮೋನು ಏರುಪೇರಾಗಿ ಸಿಡುಕು, ಹತ್ತುವಿಕೆ, ಎರಡೂ ಪಕ್ಕೆಯಲ್ಲಿ ಸಮವಾಗಿ ಕೂದಲು ಉದುರುವುದು, ಮೊಲೆತೊಟ್ಟು ಒರಟಾಗುವುದು ಅದರ ಗುರುತು. ಬೆಲ್ಲಳ ಪಕ್ಕೆ ದಟ್ಟವಾಗೇ ಇತ್ತು. ವೈದ್ಯರು ಸ್ಕ್ಯಾನ್ ಮಾಡಿದರು, ಗುಳ್ಳೆ ಇಲ್ಲ. ಅಮ್ಮ ತೂಕದ ಪುಸ್ತಕದಲ್ಲೇ ಜಗಳದ ದಿನಗಳನ್ನೂ ಗುರುತು ಹಾಕಿದ್ದರು. ಸುಮಾರು ಎರಡು ವಾರಕ್ಕೊಮ್ಮೆ, ಅರ್ಧ ದಿನ. ಹೆಣ್ಣು ಗಿನಿಪಿಗ್ 15ರಿಂದ 17 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಅವತ್ತು ಗುಂಪಿನಲ್ಲಿ ಯಾರ ಮೇಲೆ ಬೇಕಾದರೂ ಹತ್ತುತ್ತದೆ. ಜೋಡಿಯಾಗಿದ್ದಾಗಲೂ ಇದು ಇತ್ತು, ಯಾರೂ ಗಮನಿಸಿರಲಿಲ್ಲ.

ಈಗಿನ ಸ್ಥಿತಿ

ರಾಗಿ ಮೊದಲು, ಬೆಲ್ಲ ನಂತರ, ಚುಕ್ಕಿ ಕೊನೆ. ಚುಕ್ಕಿ ತಲೆ ತಗ್ಗಿಸುವುದು ಕಲಿತಿದ್ದಾಳೆ. ಬೆಲ್ಲ ಬಂದರೆ ಪಕ್ಕಕ್ಕೆ ಸರಿಯುತ್ತಾಳೆ, ಆದರೆ ಓಡುವುದಿಲ್ಲ, ತಿನ್ನುತ್ತಿದ್ದ ಹುಲ್ಲಿನ ಕಡ್ಡಿಯನ್ನೂ ಬಿಡುವುದಿಲ್ಲ. ಫ್ರಿಜ್ ಬಾಗಿಲ ಸದ್ದಿಗೆ ಮೂವರೂ ಒಟ್ಟಿಗೆ ವೀಕ್ ವೀಕ್ ಅಂತ ಕೂಗುತ್ತಾರೆ. ಚುಕ್ಕಿ ಬಂದಾಗ ಆ ಕೂಗೇ ಕೂಗುತ್ತಿರಲಿಲ್ಲ. ರಾಗಿ, ಬೆಲ್ಲ ಮತ್ತೆ ಒಂದೇ ಗೂಡಿಗೆ ಹೋಗಿಲ್ಲ. ಅಕ್ಕಪಕ್ಕ ಮಲಗುತ್ತಾರೆ. ಚುಕ್ಕಿ ಒಂದು ಗೇಣು ದೂರ. ಇದಕ್ಕಿಂತ ಹತ್ತಿರ ಆಗುತ್ತಾರೋ ಇಲ್ಲವೋ, ಆಗಬೇಕು ಅಂತೇನೂ ಇಲ್ಲ.

ಕೂಡದಿದ್ದರೆ ಏನು ಅನ್ನುವುದೂ ಮೊದಲೇ ತೀರ್ಮಾನ ಆಗಿತ್ತು. ಚುಕ್ಕಿಯ ಪಂಜರ ಜೋಡಿಯ ಪಂಜರಕ್ಕೆ ಅಂಟಿಕೊಂಡೇ ಇರುತ್ತಿತ್ತು, ನಡುವೆ ಜಾಲರಿ. ಕಾಣುತ್ತಾ, ಮಾತಾಡುತ್ತಾ ಇರುವ ನೆರೆಮನೆ. ಒಂಟಿತನಕ್ಕಿಂತ ಅದು ಎಷ್ಟೋ ಮೇಲು. ಹಾಗಾಗಿಯೇ ಅವಳ ಹಳೆಯ ಪಂಜರವನ್ನು ಯಾರಿಗೂ ಕೊಡಬೇಡಿ ಅಂದಿದ್ದೆ. ಆ ಪಂಜರ ಈಗ ಸಜ್ಜದ ಮೇಲಿದೆ.

ಏಪ್ರಿಲ್ ಸೆಕೆಯಲ್ಲಿ ಒಮ್ಮೆ ಜಗಳ ಮರುಕಳಿಸಿತು. ಬೆಂಗಳೂರಿನ 35 ಡಿಗ್ರಿ ಗಿನಿಪಿಗ್‌ಗೆ ಅಪಾಯ, ಇಪ್ಪತ್ತೇಳು ಇಪ್ಪತ್ತೆಂಟು ದಾಟಿದರೇ ಎಚ್ಚರ ಇರಬೇಕು. ಮನೆಯವರು ಫ್ಯಾನ್ ಹಾಕಿ, ಪಂಜರದಲ್ಲಿ ತಂಪಿಗೆ ಅಂತ ಒಂದು ದೊಡ್ಡ ಟೈಲ್ಸ್ ಇಟ್ಟಿದ್ದರು. ಒಂದೇ ಟೈಲ್ಸ್ ಅಂದರೆ ಅದು ಬೆಲ್ಲಳದ್ದು. ಮತ್ತೆರಡು ತಂದರು. ಬೆಲ್ಲ ಎರಡರ ಮೇಲೆ ಅರ್ಧರ್ಧ ಮಲಗುತ್ತಾಳೆ. ಈಗ ನಾಲ್ಕು ಇವೆ.